ಅಡುಗೆ ಮಾಡಿದವರೂ ಕೂತು ಉಣ್ಣುವ ಯುಗಾದಿ ಊಟ: 12 ಜನಕ್ಕೆ, ಸಾಮಾನು ತರುವುದರಿಂದ ಎಲೆ ಎತ್ತುವವರೆಗೆ

ನಮ್ಮ ಮನೆಯಲ್ಲಿ ಯುಗಾದಿ ಊಟಕ್ಕೆ ಮೂರು ಪಂಕ್ತಿ ಆಗುತ್ತಿತ್ತು. ಮೊದಲು ಗಂಡಸರು, ಮಕ್ಕಳು. ಆಮೇಲೆ ಹೆಂಗಸರು. ಕೊನೆಗೆ ಬೆಳಿಗ್ಗೆಯಿಂದ ಕಾವಲಿ ಮುಂದೆ ನಿಂತಿದ್ದ ಅಮ್ಮ, ಒಬ್ಬರೇ. ಅವರು ಎಲೆ ಮುಂದೆ ಕೂರುವಾಗ ಗಂಟೆ ಮೂರೂವರೆ. ಅಷ್ಟೊತ್ತಿಗೆ ಆಂಬೊಡೆ ಖಾಲಿ. ಕೋಸಂಬರಿ ನೀರು ಬಿಟ್ಟಿರುತ್ತಿತ್ತು. ಅಪ್ಪ ಒಂದು ನಿದ್ದೆ ಮುಗಿಸಿ ಎದ್ದು ಕಾಫಿ ಕೇಳುತ್ತಿದ್ದರು.

ಒಂದು ಸಲ ಕೇಳಿದ್ದೆ: "ಬಿಸಿ ಒಬ್ಬಟ್ಟು ತಿಂದು ಎಷ್ಟು ವರ್ಷ ಆಯ್ತಮ್ಮಾ?"

"ಮಾಡೋರಿಗೆ ಹೊಗೆಯಲ್ಲೇ ಹೊಟ್ಟೆ ತುಂಬುತ್ತೆ ಕಣೋ" ಅಂದರು.

ಅಮ್ಮನ ಮಂಡಿ ನೋವು ಶುರುವಾದ ಮೇಲೆ ಹಬ್ಬದ ಅಡುಗೆ ನನ್ನ ಮತ್ತು ಅಕ್ಕನ ಪಾಲಿಗೆ ಬಂತು. ಮೊದಲ ವರ್ಷ ಕೆಡಿಸಿದೆವು, ಆ ಕಥೆ ಮುಂದೆ ಹೇಳುತ್ತೇನೆ. ಆಮೇಲೆ ಒಂದೊಂದೇ ಸರಿ ಮಾಡಿಕೊಂಡು ಬಂದೆವು. ಈಗ ನಮ್ಮಲ್ಲಿ ಒಂದೇ ಪಂಕ್ತಿ. ಮಧ್ಯಾಹ್ನ ಒಂದು ಗಂಟೆಗೆ ಹನ್ನೆರಡು ಜನವೂ ಒಟ್ಟಿಗೆ ಕೂರುತ್ತೇವೆ. ಈ ಬರಹ ಅದನ್ನು ಹೇಗೆ ಮಾಡುವುದು ಅನ್ನುವುದರ ಬಗ್ಗೆ. ಅಡುಗೆ ವಿಧಾನ ಎಲ್ಲರ ಮನೆಯಲ್ಲೂ ಇರುತ್ತದೆ. ಯಾವ ಕೆಲಸ ಯಾವಾಗ ಮುಗಿಸಬೇಕು ಅನ್ನುವುದೇ ನಿಜವಾದ ತಲೆನೋವು.

ಇದು ಹಳೇ ಮೈಸೂರು ಕಡೆಯ ಊಟ. ಉತ್ತರ ಕರ್ನಾಟಕದವರು ಕಡಲೆಬೇಳೆ ಹೂರಣ ತುಂಬಿ, ಲಟ್ಟಿಸಿ ಹೋಳಿಗೆ ಮಾಡುತ್ತಾರೆ, ಜೊತೆಗೆ ಕಟ್ಟಿನ ಸಾರು. ಅದರ ರುಚಿಯೇ ಬೇರೆ, ಕೈಚಳಕವೂ ಬೇರೆ. ನನಗೆ ಗೊತ್ತಿರುವುದು ತೊಗರಿಬೇಳೆ ಒಬ್ಬಟ್ಟು, ತಟ್ಟುವ ಒಬ್ಬಟ್ಟು.

ಮೊದಲ ಕೆಲಸ: ಪಟ್ಟಿ ಕತ್ತರಿಸಿ

ಹಬ್ಬ ಅಂದರೆ ಹದಿನಾರು ಬಗೆ ಇರಬೇಕು ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಅಡುಗೆಮನೆಗೆ ಕಾಲಿಡುವುದಿಲ್ಲ. ಸುಮ್ನೆ ನಕ್ಕು ಬಿಡಿ.

ನಮ್ಮ ಪಟ್ಟಿ ಇಷ್ಟೇ: ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಂಬೊಡೆ, ಹಪ್ಪಳ, ಅನ್ನ, ಮೊಸರು. ಉಪ್ಪಿನಕಾಯಿ ಭರಣಿಯಲ್ಲಿ ಇದ್ದೇ ಇರುತ್ತದೆ. ಪಾಯಸ ತೆಗೆದು ಹಾಕಿದೆವು. ಒಬ್ಬಟ್ಟು ಇರುವ ಎಲೆಯಲ್ಲಿ ಪಾಯಸವನ್ನು ಯಾರೂ ಸರಿಯಾಗಿ ತಿನ್ನುವುದಿಲ್ಲ. ಮಜ್ಜಿಗೆ ಹುಳಿಯನ್ನೂ ಬಿಟ್ಟೆವು. ದೊಡ್ಡಮ್ಮ ಒಂದು ವರ್ಷ ಗೊಣಗಿದರು, ಮರುವರ್ಷ ತಾವೇ ಒಂದು ಪಾತ್ರೆ ಮಾಡಿಕೊಂಡು ತಂದರು. ಅಲ್ಲಿಗೆ ಎರಡೂ ಕಡೆ ಸಮಾಧಾನ.

ಪಟ್ಟಿ ಮಾಡುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಹಿಂದಿನ ದಿನವೇ ಮಾಡಿಟ್ಟರೆ ಕೆಡದವು ಎಷ್ಟು? ಅವತ್ತೇ ಆಗಬೇಕಾದವು ಎಷ್ಟು? ಎಲೆ ಹಾಕುವ ಅರ್ಧ ಗಂಟೆ ಮುಂಚೆಯೇ ಆಗಬೇಕಾದವು ಎಷ್ಟು? ಈ ಮೂರನೆಯ ಗುಂಪಿನಲ್ಲಿ ಎರಡಕ್ಕಿಂತ ಜಾಸ್ತಿ ಇರಬಾರದು. ನಮ್ಮಲ್ಲಿ ಅವು ಹಪ್ಪಳ ಮತ್ತು ಆಂಬೊಡೆ. ಮೂರಾದರೆ ಯಾರೋ ಒಬ್ಬರು ಒಲೆ ಮುಂದೆ ಸಿಕ್ಕಿಹಾಕಿಕೊಂಡರು ಅಂತಲೇ ಲೆಕ್ಕ.

ಸಾಮಾನು: ಮೂರು ದಿನ ಮುಂಚೆ

ಹನ್ನೆರಡು ಜನಕ್ಕೆ ಸುಮಾರು 30 ಒಬ್ಬಟ್ಟು ಬೇಕು. ಅರ್ಧ ಕೆಜಿ ತೊಗರಿಬೇಳೆ, ಅರ್ಧ ಕೆಜಿ ಬೆಲ್ಲ ಸಾಕು. ಸಿಹಿ ಕಮ್ಮಿ ತಿನ್ನುವವರಾದರೆ ಬೆಲ್ಲ 400 ಗ್ರಾಂ. ಕಣಕಕ್ಕೆ ಚಿರೋಟಿ ರವೆ 250 ಗ್ರಾಂ, ಮೈದಾ 150 ಗ್ರಾಂ. ಅಕ್ಕಿ ಚಿತ್ರಾನ್ನಕ್ಕೂ ಸೇರಿ ಒಂದೂಕಾಲು ಕೆಜಿ. ಕೋಸಂಬರಿಗೆ ಹೆಸರುಬೇಳೆ 250 ಗ್ರಾಂ, ಆಂಬೊಡೆಗೆ ಕಡಲೆಬೇಳೆ 400 ಗ್ರಾಂ, ಹುರುಳಿಕಾಯಿ ಒಂದು ಕೆಜಿ, ತೆಂಗಿನಕಾಯಿ ನಾಲ್ಕು, ತುಪ್ಪ ಕಾಲು ಕೆಜಿ, ಹಾಲು ಒಂದು ಲೀಟರ್, ಮೊಸರು ಒಂದೂವರೆ ಲೀಟರ್. ಅಡುಗೆ ಎಣ್ಣೆ ಎರಡು ಲೀಟರ್ ಇರಲಿ, ಉಳಿದರೆ ಕೆಡುವುದಿಲ್ಲ.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹೊಳೆಯುವ ಹಳದಿ ಅಚ್ಚಿಗಿಂತ ಕಂದು ಬಣ್ಣದ ಬೆಲ್ಲ ವಾಸಿ. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಉಪ್ಪುಪ್ಪು ಅನ್ನಿಸಿದರೆ ಬೇಡ, ಹೂರಣ ಪೂರ್ತಿ ಅದೇ ರುಚಿಗೆ ತಿರುಗುತ್ತದೆ. ಹಲ್ಲಿಗೆ ಮರಳು ಸಿಕ್ಕರೆ ಕರಗಿಸಿ ಸೋಸಬೇಕಾಗುತ್ತದೆ, ಆಗ ಹೂರಣ ಗಟ್ಟಿಯಾಗಲು ಇನ್ನೂ ಹತ್ತು ನಿಮಿಷ ಹಿಡಿಯುತ್ತದೆ.

ಮಾವಿನಕಾಯಿ, ಬೇವಿನ ಹೂವು ಹಬ್ಬ ಯಾವಾಗ ಬಂತು ಅನ್ನುವುದರ ಮೇಲೆ ನಿಂತಿದೆ. ಚೈತ್ರ ಶುದ್ಧ ಪಾಡ್ಯ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಬೇಗ ಬಂದ ವರ್ಷ ಮಾವಿನಕಾಯಿ ಚಿಕ್ಕದು, ಹುಳಿ ಜಾಸ್ತಿ. ತಡವಾಗಿ ಬಂದರೆ ಕಾಯಿ ದೊಡ್ಡದಾಗಿ, ಒಳಗೆ ಹಳದಿಗೆ ತಿರುಗಲು ಶುರುವಾಗಿರುತ್ತದೆ. ಚಿತ್ರಾನ್ನಕ್ಕೆ ಎರಡು ಕಾಯಿ ಅಂತ ಬರೆದರೂ, ನೆಕ್ಕಿ ನೋಡಿ ಮೂರು ಮಾಡಬೇಕೋ ಒಂದೂವರೆಗೆ ನಿಲ್ಲಿಸಬೇಕೋ ನೀವೇ ತೀರ್ಮಾನಿಸಬೇಕು.

ಬಾಳೆಲೆ, ಮಾವಿನ ಸೊಪ್ಪು, ಬೇವಿನ ಸೊಪ್ಪು ಹಿಂದಿನ ದಿನ ಬೆಳಿಗ್ಗೆಯೇ ತನ್ನಿ. ಸಂಜೆ ಗಾಂಧಿ ಬಜಾರಿಗೋ ಕೆ.ಆರ್. ಮಾರುಕಟ್ಟೆಗೋ ಹೋದರೆ ಗಾಡಿ ನಿಲ್ಲಿಸುವುದಕ್ಕೇ ಒಂದು ಗಂಟೆ ಬೇಕು. ಎಲೆ 12 ಬೇಕಿದ್ದರೆ 18 ತನ್ನಿ. ಎರಡು ಮೂರು ಹರಿದಿರುತ್ತವೆ, ಒಬ್ಬಟ್ಟು ತಟ್ಟಲು ಎರಡು ಬೇಕು, ಹೇಳದೆ ಬರುವ ಒಬ್ಬರು ಇದ್ದೇ ಇರುತ್ತಾರೆ. ಎಲೆಯನ್ನು ಸುರುಳಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ನಿಲ್ಲಿಸಿ.

ಹಿಂದಿನ ಸಂಜೆ: ಬೇಳೆ, ಹೂರಣ, ಸಾರು

ಇಡೀ ಊಟ ನಿಂತಿರುವುದು ಈ ಸಂಜೆಯ ಎರಡೂವರೆ ಗಂಟೆಯ ಮೇಲೆ. ಟೀವಿ ಆರಿಸಿ, ಇಬ್ಬರು ಕೂತು ಮಾಡಿ.

ಈಗ ನಾನು ಕೆಡಿಸಿದ ಕಥೆ. ಮೊದಲ ವರ್ಷ ಬೇಳೆಯನ್ನು ಕುಕ್ಕರಿಗೆ ಹಾಕಿ ಐದು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದರೆ ತೊವ್ವೆ! ಸೋಸಲು ಹೋದರೆ ಬೇಳೆಯೂ ಕಟ್ಟಿನ ಜೊತೆಗೇ ಇಳಿದು ಹೋಯಿತು. ಉಳಿದದ್ದಕ್ಕೆ ಬೆಲ್ಲ ಹಾಕಿ ರಾತ್ರಿ ಹನ್ನೊಂದರವರೆಗೆ ಕೆದಕಿದೆ, ಗಟ್ಟಿಯಾಗಲೇ ಇಲ್ಲ. ಮರುದಿನ ಎಲ್ಲರೂ ಅದನ್ನು ಬಟ್ಟಲಲ್ಲಿ ಹಾಕಿಕೊಂಡು ತುಪ್ಪ ಬಿಟ್ಟುಕೊಂಡು ಚಮಚದಲ್ಲಿ ತಿಂದರು. ಭಾವ ಇವತ್ತಿಗೂ ನನ್ನನ್ನು ನೋಡಿದರೆ "ಈ ಸಲ ಒಬ್ಬಟ್ಟು ಕುಡಿಯೋದಾ, ತಿನ್ನೋದಾ?" ಅಂತ ಕೇಳುತ್ತಾರೆ.

ಹಾಗಾಗಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಮೂರು ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ. ತೊಳೆದ ಬೇಳೆಯನ್ನು ಅದಕ್ಕೆ ಬಿಡಿ. ಬೇಳೆ ಹಳೆಯದೋ ಹೊಸದೋ ಅನ್ನುವುದರ ಮೇಲೆ 25 ರಿಂದ 35 ನಿಮಿಷ. ಇಪ್ಪತ್ತು ನಿಮಿಷದ ಮೇಲೆ ಆಗಾಗ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ. ನೋಡುವುದಕ್ಕೆ ಕಾಳು ಇಡಿಯಾಗಿರಬೇಕು, ಒತ್ತಿದರೆ ಪೂರ್ತಿ ನುರಿಯಬೇಕು, ನಡುವೆ ಬಿಳಿ ಚುಕ್ಕೆ ಇರಬಾರದು. ಅದೇ ಹದ. ತಕ್ಷಣ ಜಾಲರಿಗೆ ಸುರಿದು, ಕಟ್ಟನ್ನು ಕೆಳಗೆ ದೊಡ್ಡ ಪಾತ್ರೆಯಲ್ಲಿ ಹಿಡಿಯಿರಿ. ಕಾಲು ಗಂಟೆ ಹಾಗೇ ಬಿಡಿ. ಅವಸರ ಮಾಡಿದರೆ ಬೇಳೆಯಲ್ಲಿ ಉಳಿದ ಆ ನೀರು ಆಮೇಲೆ ಒಲೆ ಮುಂದೆ ನಿಮ್ಮಿಂದ ದುಪ್ಪಟ್ಟು ಸಮಯ ಕಿತ್ತುಕೊಳ್ಳುತ್ತದೆ.

ದಪ್ಪ ತಳದ ಬಾಣಲೆಗೆ ಬೇಳೆ, ಪುಡಿ ಮಾಡಿದ ಬೆಲ್ಲ ಹಾಕಿ. ಬೆಲ್ಲ ಕರಗಿದಾಗ ಎಲ್ಲ ನೀರು ನೀರಾಗುತ್ತದೆ. ಹೆದರಬೇಡಿ. ಮಧ್ಯಮ ಉರಿಯಲ್ಲಿ 15 ರಿಂದ 20 ನಿಮಿಷ ಕೈಯಾಡಿಸಿ. ಸೌಟು ನಡುವೆ ಚುಚ್ಚಿದರೆ ಬೀಳದೆ ನಿಲ್ಲಬೇಕು. ಬಿಸಿ ಸ್ವಲ್ಪ ಇಳಿದ ಮೇಲೆ ಆರು ಏಲಕ್ಕಿ, ಒಂದು ಹಿಡಿ ಕಾಯಿತುರಿ ಸೇರಿಸಿ, ನೀರು ಮುಟ್ಟಿಸದೆ ರುಬ್ಬಿ. ಪೂರ್ತಿ ತಣ್ಣಗಾದರೆ ಮಿಕ್ಸಿ ತಿರುಗುವುದಿಲ್ಲ, ಉಗುರುಬೆಚ್ಚಗಿರುವಾಗಲೇ ಸ್ವಲ್ಪ ಸ್ವಲ್ಪ ಹಾಕಿ. ಗ್ರೈಂಡರ್ ಇದ್ದರೆ ಆರಾಮ. ಒಂದು ಉಂಡೆ ಕಟ್ಟಿ ನೋಡಿ. ಕೈಗೆ ಅಂಟಬಾರದು, ಬಿರುಕೂ ಬಿಡಬಾರದು. ಅಂಟಿದರೆ ಮತ್ತೆ ಐದು ನಿಮಿಷ ಒಲೆ ಮೇಲೆ. ಬಿರುಕು ಬಿಟ್ಟರೆ ಒಂದೆರಡು ಚಮಚ ಹಾಲು ಚಿಮುಕಿಸಿ ಕಲಸಿ. ಹುರಿಗಡಲೆ ಹಿಟ್ಟು ಸೇರಿಸಿ ಗಟ್ಟಿ ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಮಾಡಬಹುದು, ಆದರೆ ಒಬ್ಬಟ್ಟು ಬಾಯಲ್ಲಿ ಕರಗುವುದಿಲ್ಲ, ಪುಡಿಪುಡಿ ಆಗುತ್ತದೆ.

ಹೂರಣವನ್ನು ಡಬ್ಬಿಗೆ ಒತ್ತಿ ಫ್ರಿಜ್ಜಿನಲ್ಲಿಡಿ. ಅದರಲ್ಲಿ ಎರಡು ಚಮಚ ಸಾರಿಗೆ ಎತ್ತಿಕೊಳ್ಳುವುದು ಮರೆಯಬೇಡಿ.

ಒಬ್ಬಟ್ಟಿನ ಸಾರು ರಾತ್ರಿಯೇ ಮಾಡಿ. ಇದು ಮಾರನೆ ದಿನಕ್ಕೇ ರುಚಿ. ಅರ್ಧ ಬಟ್ಟಲು ಕಾಯಿತುರಿ, ಒಂದು ಚಮಚ ಜೀರಿಗೆ, ಮೂರು ಚಮಚ ಸಾರಿನ ಪುಡಿ, ಎತ್ತಿಟ್ಟ ಹೂರಣ, ಇಷ್ಟನ್ನು ನುಣ್ಣಗೆ ರುಬ್ಬಿ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಕಿವುಚಿ ರಸ ತೆಗೆಯಿರಿ. ಎಲ್ಲವನ್ನೂ ಕಟ್ಟಿಗೆ ಸೇರಿಸಿ, ಉಪ್ಪು ಹಾಕಿ ಚೆನ್ನಾಗಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ದೊಡ್ಡಮ್ಮನ ಮನೆಯಲ್ಲಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಚೂರು ಚಕ್ಕೆ ಲವಂಗ ಕೂಡ ರುಬ್ಬಿ ಹಾಕುತ್ತಾರೆ. ಸತ್ಯ ಹೇಳಬೇಕಂದರೆ ಅದೇ ಜಾಸ್ತಿ ರುಚಿ. ಈ ಮಾತನ್ನು ಅಮ್ಮನ ಮುಂದೆ ಹೇಳಿಲ್ಲ.

ಮಲಗುವ ಮುಂಚೆ ಇನ್ನೊಂದು ಕೆಲಸ, ಚಿತ್ರಾನ್ನದ ಗೊಜ್ಜು. ಮಾವಿನಕಾಯಿ ತುರಿದು ಅರ್ಧ ಪಕ್ಕಕ್ಕಿಡಿ. ಉಳಿದರ್ಧವನ್ನು ಒಂದು ಬಟ್ಟಲು ಕಾಯಿತುರಿ, ಒಂದು ಚಮಚ ಸಾಸಿವೆ, ಏಳೆಂಟು ಒಣಮೆಣಸಿನಕಾಯಿ, ಅರಿಶಿನದ ಜೊತೆ ತರಿತರಿಯಾಗಿ ರುಬ್ಬಿ. ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ತುರಿ ಮತ್ತು ರುಬ್ಬಿದ್ದು ಎರಡನ್ನೂ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಉಪ್ಪು ಹಾಕಿ ಇಳಿಸಿ. ಕಡಲೆಕಾಯಿ ಬೀಜ ಹುರಿದು ಬೇರೆ ಡಬ್ಬಿಯಲ್ಲಿ ಇಡಿ. ಗೊಜ್ಜಿನಲ್ಲೇ ಬಿಟ್ಟರೆ ಬೆಳಿಗ್ಗೆಗೆ ಮೆತ್ತಗಾಗುತ್ತದೆ. ಹುರುಳಿಕಾಯಿ ಹೆಚ್ಚುವುದು, ಕಾಯಿ ತುರಿಯುವುದನ್ನೂ ರಾತ್ರಿಯೇ ಮುಗಿಸಿ. ಅದಕ್ಕೆ ಮಕ್ಕಳನ್ನು ಕೂರಿಸಬಹುದು. ಹುರುಳಿಕಾಯಿ ಒಂದೇ ಸಮ ಬರುವುದಿಲ್ಲ, ಪರವಾಗಿಲ್ಲ.

ಹಬ್ಬದ ಬೆಳಿಗ್ಗೆ

ಎಣ್ಣೆ ಸ್ನಾನಕ್ಕೆ ಸರದಿ ಮಾಡಿ. ಒಂದು ಬಚ್ಚಲು, ಹನ್ನೆರಡು ತಲೆ ಅಂದರೆ ಅಡುಗೆ ಮಾಡುವವರು ಮೊದಲು ಹೋಗಬೇಕು. ಆರೂವರೆಗೆಲ್ಲ ನಾನು ಅಕ್ಕ ಇಬ್ಬರೂ ತಲೆಗೆ ನೀರು ಹಾಕಿಕೊಂಡು ಬಂದಿರುತ್ತೇವೆ. ತೋರಣ ಕಟ್ಟುವುದು ಭಾವನ ಕೆಲಸ. ಅವರಿಗೆ ಸ್ಟೂಲ್ ಬೇಡ, ಹಾಗೇ ಬಾಗಿಲ ಮೇಲೆ ಕೈ ಸಿಗುತ್ತದೆ.

ಏಳು ಗಂಟೆಗೆ ಕಣಕ ಕಲಸಿ. ಚಿರೋಟಿ ರವೆ, ಮೈದಾ, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ. ಕಾಲು ಲೀಟರಿನಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಚಪಾತಿ ಹಿಟ್ಟಿಗಿಂತ ತುಂಬಾ ಮೆತ್ತಗಿರಬೇಕು, ಕೈಗೆ ಅಂಟಬೇಕು. ಬೇಕಾದರೆ ಇನ್ನೊಂದೆರಡು ಚಮಚ ನೀರು ಹಾಕಿ. ಈಗ ಎಣ್ಣೆ ಬಿಟ್ಟುಕೊಂಡು ನಾದಿ. ಹತ್ತು ನಿಮಿಷ ನಾದಬೇಕು, ಕಮ್ಮಿ ಆದರೆ ತಟ್ಟುವಾಗ ಹರಿಯುತ್ತದೆ. ಎಳೆದರೆ ತುಂಡಾಗದೆ ಉದ್ದಕ್ಕೆ ಬರಬೇಕು. ಮುಟ್ಟಿದರೆ ಕಿವಿಯ ಹಾಲೆ ಮುಟ್ಟಿದ ಹಾಗೆ ಇರಬೇಕು ಅಂತ ಅಜ್ಜಿ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಒಂದು ಕೈ ಹಿಟ್ಟಿಗೆ, ಒಂದು ಕೈ ಕಿವಿಗೆ ಇಟ್ಟು ಹೋಲಿಸಿ ನೋಡಿ ಬೈಸಿಕೊಂಡಿದ್ದೇನೆ. ನಾದಿದ ಮೇಲೆ ಇನ್ನಷ್ಟು ಎಣ್ಣೆ ಸುರಿದು, ಮುಚ್ಚಿ, ಎರಡು ಮೂರು ಗಂಟೆ ನೆನೆಯಲು ಬಿಡಿ. ಒಟ್ಟು 100 ಮಿಲಿಯಷ್ಟು ಎಣ್ಣೆ ಹಿಡಿಯುತ್ತದೆ. ಜಾಸ್ತಿ ಅನ್ನಿಸುತ್ತೆ ಅಲ್ವಾ? ಅದರಲ್ಲಿ ಕಮ್ಮಿ ಮಾಡಲು ಹೋಗಿ ಒಬ್ಬಟ್ಟನ್ನು ಚಪಾತಿ ಮಾಡಿದವರನ್ನು ನೋಡಿದ್ದೇನೆ.

ಇದೇ ಹೊತ್ತಿಗೆ ಹೂರಣ ಫ್ರಿಜ್ಜಿನಿಂದ ಹೊರಗೆ ಬರಬೇಕು, ಕಡಲೆಬೇಳೆ ನೆನೆಯಬೇಕು. ಹೂರಣ ತಣ್ಣಗೆ ಗಟ್ಟಿಯಾಗಿದ್ದು ಕಣಕ ಮೆತ್ತಗಿದ್ದರೆ, ತಟ್ಟುವಾಗ ಹೂರಣ ಕಣಕವನ್ನು ಸೀಳಿಕೊಂಡು ಹೊರಗೆ ಬರುತ್ತದೆ.

ಪೂಜೆ ಆದ ಮೇಲೆ ಬೇವು ಬೆಲ್ಲ. ಬೇವಿನ ಹೂವು, ಎಳೆ ಚಿಗುರು, ಬೆಲ್ಲದ ಪುಡಿ, ಒಂದು ಹಿಡಿ ಹುರಿಗಡಲೆ ಬೆರೆಸಿದರೆ ಮುಗಿಯಿತು. ಬಲಿತ ಎಲೆ ಹಾಕಬೇಡಿ, ಬಾಯೆಲ್ಲ ಕಹಿ ನಿಂತು ಊಟದವರೆಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹೆಚ್ಚು ಬೆಲ್ಲ ಇರುವ ಮೂಲೆಗೆ ಕೈ ಹಾಕುವ ಪೈಪೋಟಿ ಇದೆ, ಅಪ್ಪನೂ ಸೇರಿ. ತಿಂಡಿಗೆ ಒಂದು ಬಾಣಲೆ ಉಪ್ಪಿಟ್ಟು. ಅದಕ್ಕಿಂತ ದೊಡ್ಡದೇನೂ ಮಾಡಬೇಡಿ.

ಒಬ್ಬಟ್ಟು ತಟ್ಟುವುದು

ಹತ್ತು ಗಂಟೆಗೆ ಕೂತರೆ ಹನ್ನೊಂದೂವರೆಗೆ 30 ಆಗುತ್ತವೆ, ಇಬ್ಬರಿದ್ದರೆ. ಒಬ್ಬರು ತಟ್ಟಲಿ, ಒಬ್ಬರು ಬೇಯಿಸಲಿ. ಮೊದಲು ಹೂರಣವನ್ನು ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ 30 ಉಂಡೆ ಕಟ್ಟಿಟ್ಟುಕೊಳ್ಳಿ. ಎಣಿಸಿಯೇ ಕಟ್ಟಿ, ಇಲ್ಲದಿದ್ದರೆ ಕೊನೆಗೆ ಕಣಕ ಉಳಿಯುತ್ತದೆ ಅಥವಾ ಹೂರಣ ಉಳಿಯುತ್ತದೆ. ಕಣಕ ಅದರ ಅರ್ಧ ಗಾತ್ರ ಸಾಕು.

ಬಾಳೆಲೆಯ ತುಂಡಿಗೆ ಎಣ್ಣೆ ಸವರಿ. ಕಣಕವನ್ನು ಅಂಗೈಯಲ್ಲಿ ಪೂರಿಯಷ್ಟು ಅಗಲ ಮಾಡಿ, ನಡುವೆ ಹೂರಣ ಇಟ್ಟು, ಅಂಚನ್ನು ಮೇಲಕ್ಕೆ ಎಳೆದು ಮುಚ್ಚಿ. ಮುಚ್ಚಿದ ಬದಿ ಕೆಳಗೆ ಬರುವ ಹಾಗೆ ಎಲೆ ಮೇಲಿಡಿ. ಇನ್ನು ಬೆರಳಿನ ಕೆಲಸ.

ಅಮ್ಮನ ಕೈ ನೋಡಿಯೇ ನಾನು ಇದನ್ನು ಕಲಿತದ್ದು, ಹೇಳಿಸಿಕೊಂಡು ಕಲಿತದ್ದಲ್ಲ. ಅವರು ಅಂಗೈ ಊರುವುದೇ ಇಲ್ಲ. ನಾಲ್ಕು ಬೆರಳಿನ ತುದಿ ಮಾತ್ರ, ಅದೂ ನಡುವಿನಿಂದ ಅಂಚಿಗೆ. ಎರಡು ಸಲ ತಟ್ಟಿ, ಎಡಗೈಯಲ್ಲಿ ಎಲೆಯನ್ನು ಒಂಚೂರು ತಿರುಗಿಸುತ್ತಾರೆ. ಮತ್ತೆ ಎರಡು ಸಲ, ಮತ್ತೆ ಒಂಚೂರು. ಟಪ್ ಟಪ್, ಸರ್. ಟಪ್ ಟಪ್, ಸರ್. ಅಂಚು ನಡುವಿನಷ್ಟೇ ತೆಳ್ಳಗಾಗುವವರೆಗೆ ನಿಲ್ಲುವುದಿಲ್ಲ. ಕೆಳಗಿನ ಎಲೆಯ ಗೆರೆ ಮಸುಕಾಗಿ ಕಾಣಲು ಶುರುವಾದರೆ ಸಾಕು ಅಂತ ಲೆಕ್ಕ. ಎಲ್ಲಾದರೂ ಹರಿದರೆ ಚಿಟಿಕೆ ಕಣಕ ಕಿತ್ತು ತೇಪೆ ಹಾಕಿ, ಎಣ್ಣೆ ಬೆರಳಲ್ಲಿ ಸವರುತ್ತಾರೆ. ಬೆಂದ ಮೇಲೆ ಗೊತ್ತೇ ಆಗುವುದಿಲ್ಲ.

ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾದಿರಲಿ. ಎಲೆ ಸಮೇತ ಎತ್ತಿ, ಒಬ್ಬಟ್ಟು ಕೆಳಗಾಗುವಂತೆ ಕಾವಲಿ ಮೇಲೆ ಮಗುಚಿ. ಕ್ಷಣ ಬಿಟ್ಟರೆ ಎಲೆ ಬಾಡುತ್ತದೆ. ಆಗ ಒಂದು ತುದಿ ಹಿಡಿದು ಮೆಲ್ಲಗೆ ಎಳೆದರೆ ತಾನೇ ಬಿಡಿಸಿಕೊಂಡು ಬರುತ್ತದೆ. ಮೊದಲೇ ಎಳೆದರೆ ಅರ್ಧ ಒಬ್ಬಟ್ಟು ಎಲೆಯ ಜೊತೆ ಬರುತ್ತದೆ. ಸುತ್ತಲೂ ಅರ್ಧ ಚಮಚ ಎಣ್ಣೆ ಬಿಡಿ. ಚಿನ್ನದ ಬಣ್ಣದ ಚುಕ್ಕೆ ಬಂದಾಗ ತಿರುಗಿಸಿ. ಅಂಗಡಿಯಲ್ಲಿ ಸಿಗುವ ಒಬ್ಬಟ್ಟಿನ ಹಾಳೆ ಬಳಸುವವರು ಒಂದು ವಿಷಯ ನೆನಪಿಡಿ, ಅದನ್ನು ಕಾವಲಿ ಮೇಲೆ ಬಾಳೆಲೆಯಷ್ಟು ಹೊತ್ತು ಬಿಡುವ ಹಾಗಿಲ್ಲ.

ಕಾವಲಿಯಿಂದ ತೆಗೆದದ್ದನ್ನು ಒಂದರ ಮೇಲೊಂದು ಪೇರಿಸಬೇಡಿ. ಬಿಸಿಯಲ್ಲಿ ಅಂಟಿಕೊಂಡು, ಬಿಡಿಸುವಾಗ ಚಿಂದಿಯಾಗುತ್ತದೆ. ಮೊರದ ಮೇಲೋ ಅಗಲ ತಟ್ಟೆಯಲ್ಲೋ ಬಟ್ಟೆ ಹಾಸಿ, ಬಿಡಿಬಿಡಿಯಾಗಿ ಹರಡಿ, ಆರಿದ ಮೇಲೆ ಪೇರಿಸಿ ಮುಚ್ಚಿ.

"ಆರಿಸಿಟ್ಟರೆ ಬಿಸಿ ಒಬ್ಬಟ್ಟು ಎಲ್ಲಿಂದ ಬರುತ್ತೆ?" ಅಂತ ಅಕ್ಕ ಮೊದಲ ಸಲ ಜಗಳ ತೆಗೆದಿದ್ದಳು. ಇದೇ ಈ ಯೋಜನೆಯ ಗುಟ್ಟು. ಬೆಂದ ಒಬ್ಬಟ್ಟನ್ನು ಬಡಿಸುವ ಮುಂಚೆ ಕಾದ ಕಾವಲಿಗೆ ಹಾಕಿ ಅರ್ಧ ಚಮಚ ತುಪ್ಪ ಬಿಟ್ಟು, ಎರಡೂ ಬದಿ ಇಪ್ಪತ್ತು ಇಪ್ಪತ್ತು ಸೆಕೆಂಡು ಇಟ್ಟರೆ ಮತ್ತೆ ಹೊಸದೇ. ಎರಡು ಕಾವಲಿ ಇದ್ದರೆ ಹನ್ನೆರಡು ಎಲೆಗೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ತಟ್ಟಿ ಬೇಯಿಸುತ್ತಾ ಬಡಿಸಿದರೆ ಒಂದೂವರೆ ಗಂಟೆ ಒಬ್ಬರು ಒಲೆ ಮುಂದೆ. ಅಮ್ಮ ನಲವತ್ತು ವರ್ಷ ಮಾಡಿದ್ದು ಅದನ್ನೇ.

ಹನ್ನೊಂದೂವರೆಯಿಂದ ಒಂದು ಗಂಟೆ

ಕಡಲೆಬೇಳೆಯ ನೀರು ಬಸಿದು ಜಾಲರಿಯಲ್ಲಿಡಿ. ಒಂದು ಹಿಡಿ ಇಡೀ ಬೇಳೆ ತೆಗೆದಿಟ್ಟು, ಉಳಿದದ್ದನ್ನು ಹಸಿಮೆಣಸಿನಕಾಯಿ, ಶುಂಠಿ ಜೊತೆ ನೀರಿಲ್ಲದೆ ತರಿಯಾಗಿ ರುಬ್ಬಿ. ಸಬ್ಬಸಿಗೆ ಸೊಪ್ಪು, ಕರಿಬೇವು, ಕೊತ್ತಂಬರಿ, ಇಂಗು, ಆ ಇಡೀ ಬೇಳೆ ಸೇರಿಸಿ. ಉಪ್ಪು ಮಾತ್ರ ಕರಿಯುವ ಮುಂಚೆ ಹಾಕಿ.

ಅನ್ನ ಎರಡು ಸಲ ಆಗಬೇಕು. ಮೊದಲನೆಯದು ಉದುರುದುರಾಗಿ, ಚಿತ್ರಾನ್ನಕ್ಕೆ. ಅಗಲ ತಟ್ಟೆಗೆ ಹರಡಿ, ಎಣ್ಣೆ ಚಿಮುಕಿಸಿ, ಆರಿದ ಮೇಲೆ ಗೊಜ್ಜು ಕಲಸಿ. ಮೊದಲು ಮುಕ್ಕಾಲು ಪಾಲು ಗೊಜ್ಜು ಹಾಕಿ ರುಚಿ ನೋಡಿ. ಕಡಲೆಕಾಯಿ ಬೀಜ ಬಡಿಸುವ ಮುಂಚೆ. ಎರಡನೆಯ ಅನ್ನ ಹನ್ನೆರಡೂವರೆಗೆ, ಸ್ವಲ್ಪ ಮೆತ್ತಗೆ. ಹುರುಳಿಕಾಯಿ ಪಲ್ಯಕ್ಕೆ ಹೇಳುವುದೇನಿಲ್ಲ.

ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆಂದರೆ ಸಾಕು. ಸೌತೆಕಾಯಿ, ಮಾವಿನಕಾಯಿ ಚೂರು, ಕಾಯಿತುರಿ, ಕೊತ್ತಂಬರಿ, ಒಗ್ಗರಣೆ ಎಲ್ಲ ಹಾಕಿ ಕಲಸಿಡಿ. ಉಪ್ಪು ಎಲೆ ಹಾಕಿದ ಮೇಲೆ. ಉಪ್ಪು ಬಿದ್ದ ಕ್ಷಣದಿಂದ ಸೌತೆಕಾಯಿ ನೀರು ಬಿಡುತ್ತದೆ. ಅಮ್ಮನ ಪಾಲಿನ ಕೋಸಂಬರಿ ಅಷ್ಟು ವರ್ಷ ತೊಯ್ದಿದ್ದು ಇದಕ್ಕೇ.

ಎಣ್ಣೆ ಬಾಣಲೆ ಹನ್ನೆರಡೂವರೆಗೆ ಇಡಿ. ಮೊದಲು ಹಪ್ಪಳ, ಆಮೇಲೆ ಆಂಬೊಡೆ. ಈ ಕ್ರಮ ತಪ್ಪಿಸಬೇಡಿ. ಆಂಬೊಡೆಯ ಪುಡಿ ಎಣ್ಣೆಯಲ್ಲಿ ಉಳಿದು ಕಪ್ಪಾಗುತ್ತದೆ, ಅದರಲ್ಲಿ ಕರಿದ ಹಪ್ಪಳಕ್ಕೆಲ್ಲ ಚುಕ್ಕಿ. ಹಪ್ಪಳವನ್ನು ಕರಿದ ಕೂಡಲೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಮಕ್ಕಳಿಂದ ದೂರ ಇಡಿ. ಮುಕ್ಕಾಲಿಗೆ ಒಲೆ ಆರಬೇಕು. ಆರಿಸಿದ ಮೇಲೆ "ಇನ್ನೊಂದು ಸ್ವಲ್ಪ..." ಅಂತ ಯಾರಾದರೂ ಅಂದರೆ ಕೇಳಬೇಡಿ.

ಎಲೆ ಹಾಕುವುದು, ಬಡಿಸುವುದು

ಎಲೆಯ ಕಿರಿದಾದ ತುದಿ ಉಣ್ಣುವವರ ಎಡಕ್ಕೆ ಬರಬೇಕು. ನೀರು ಚಿಮುಕಿಸಿ ಒರೆಸಿ. ನೆಲದ ಮೇಲೆ ಕೂರಲು ಆಗದವರಿಗೆ ಮೇಜಿನ ಮೇಲೆ ಎಲೆ ಹಾಕಿ, ಆದರೆ ಅದೇ ಕೋಣೆಯಲ್ಲಿ. ಅಮ್ಮ, ದೊಡ್ಡಮ್ಮ ಮೇಜಿಗೆ, ನಾವೆಲ್ಲ ಅವರ ಎದುರು ಚಾಪೆ ಮೇಲೆ. ಮಾತು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಓಡಾಡುತ್ತದೆ.

ಜನ ಕೂರುವ ಮುಂಚೆಯೇ ಎಲೆಯ ಮೇಲರ್ಧ ತುಂಬಿರಲಿ. ನಮ್ಮಲ್ಲಿ ಎಡದಿಂದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಕೆಳಗೆ ಎಡಕ್ಕೆ ಆಂಬೊಡೆ, ಹಪ್ಪಳ, ಪಕ್ಕದಲ್ಲಿ ಚಿತ್ರಾನ್ನ. ನಡುವೆ ಅನ್ನದ ಜಾಗ ಬಿಟ್ಟು ಬಲಕ್ಕೆ ಒಬ್ಬಟ್ಟಿನ ಜಾಗ. ಮನೆಗೊಂದು ಕ್ರಮ ಇರುತ್ತದೆ, ನಿಮ್ಮ ಮನೆಯದನ್ನೇ ಮಾಡಿ. ಇಷ್ಟು ಬಡಿಸಲು ಇಬ್ಬರಿಗೆ ಹತ್ತು ನಿಮಿಷ. ಆಮೇಲೆ ಅನ್ನ, ಸಾರು, ಮೊಸರು, ತುಪ್ಪ, ನೀರಿನ ಜಗ್ಗು ಎಲ್ಲವನ್ನೂ ಸಾಲಿನ ನಡುವೆ ತಂದಿಡಿ, ಎರಡು ಕಡೆ ಎರಡೆರಡು ಪಾತ್ರೆ. ಪಕ್ಕದವರು ಪಕ್ಕದವರಿಗೆ ಬಡಿಸಲಿ.

ಒಬ್ಬಟ್ಟು ಬಿಸಿ ಮಾಡಲು ಇಬ್ಬರು ಹುಡುಗರು ಸಾಕು. ಅಕ್ಕನ ಮಗನಿಗೆ ಹದಿನಾರು ವರ್ಷ, ಅವನೂ ಭಾವನೂ ಕಾವಲಿ ಮುಂದೆ ನಿಲ್ಲುತ್ತಾರೆ. ಉಳಿದವರು ಚಿತ್ರಾನ್ನ ಮುಗಿಸುವ ಹೊತ್ತಿಗೆ ಅವರ ಕೆಲಸ ಮುಗಿದು ತಾವೂ ಕೂರುತ್ತಾರೆ. ನಮ್ಮಲ್ಲಿ ಒಂದು ನಿಯಮ ಇದೆ: ಮೊದಲ ಒಬ್ಬಟ್ಟು ಅಮ್ಮನ ಎಲೆಗೆ.

ಒಬ್ಬಟ್ಟಿನ ಮೇಲೆ ತುಪ್ಪ ಸಾಕೋ, ಹಾಲು ಬೇಕೋ ಅನ್ನುವುದು ಪ್ರತಿ ಮನೆಯಲ್ಲೂ ಬಗೆಹರಿಯದ ಜಗಳ. ಕಾಯಿಹಾಲು ಬಿಟ್ಟುಕೊಂಡು ತಿನ್ನುವವರೂ ಇದ್ದಾರೆ. ಎಲ್ಲವನ್ನೂ ಇಟ್ಟುಬಿಡಿ. ನಾನು ಮೊದಲನೆಯದು ತುಪ್ಪದಲ್ಲಿ, ಎರಡನೆಯದು ಹಾಲಲ್ಲಿ. ಸಾರು ಅನ್ನ ಮಧ್ಯೆ ಬರಬೇಕು. ಸಿಹಿ ತಿಂದ ಬಾಯಿಗೆ ಆ ಹುಳಿ ಖಾರ ಬಿದ್ದರೆ ಮತ್ತೊಂದು ಒಬ್ಬಟ್ಟಿಗೆ ಜಾಗ ತಾನೇ ಆಗುತ್ತದೆ.

ಊಟದ ಹೊತ್ತಿನಲ್ಲಿ ಫೋನ್ ಬಂದರೆ ಬರಲಿ. ಅಪ್ಪ ಎಲೆಯ ಮುಂದೆ ಹಳೆಯ ಯುಗಾದಿಗಳ ಬಗ್ಗೆ ಮಾತು ತೆಗೆಯುತ್ತಾರೆ. ಯಾರು ಎಷ್ಟು ಒಬ್ಬಟ್ಟು ತಿಂದು ಗೆದ್ದರು, ಯಾವ ವರ್ಷ ಮಳೆ ಬಂತು. ಲೆಕ್ಕ ಪ್ರತಿ ಸಲ ಒಂದೆರಡು ಒಬ್ಬಟ್ಟು ಜಾಸ್ತಿಯಾಗುತ್ತದೆ. ಯಾರೂ ತಿದ್ದುವುದಿಲ್ಲ.

ಊಟದ ಮೇಲೆ

ಎಲೆ ಎತ್ತುವುದು, ಪಾತ್ರೆ ಉಜ್ಜುವುದು ಅಡುಗೆ ಮಾಡದವರ ಪಾಲು. ಇದನ್ನು ಹಿಂದಿನ ದಿನವೇ ಹೇಳಿಡಿ. ಊಟ ಆದ ಮೇಲೆ ಹೇಳಿದರೆ ಎಲ್ಲರಿಗೂ ಒಟ್ಟಿಗೇ ನಿದ್ದೆ ಬರುತ್ತದೆ.

ಉಳಿದ ಒಬ್ಬಟ್ಟು ಮಾರನೆ ದಿನದವರೆಗೆ ಹೊರಗೆ ಇರಬಹುದು. ಹೂರಣದಲ್ಲಿ ಕಾಯಿ ಇದೆ, ಬಿಸಿಲು ಕಾಲ ಬೇರೆ, ಆಮೇಲೆ ಫ್ರಿಜ್ಜಿಗೆ ಹಾಕಿ. ಕೋಸಂಬರಿ ಅವತ್ತೇ ಮುಗಿಯಲಿ. ಸಾರನ್ನು ರಾತ್ರಿ ಒಮ್ಮೆ ಚೆನ್ನಾಗಿ ಕುದಿಸಿ ಇಡಿ. ಮಾರನೆ ದಿನ ಹೊಸತೊಡಕು, ಬಾಡೂಟದ ಮನೆಗಳಲ್ಲಿ ಆ ಸಾರಿಗೆ ಜಾಗ ಇರುವುದಿಲ್ಲ. ಆದ್ದರಿಂದ ರಾತ್ರಿಯೇ ಖಾಲಿ ಮಾಡುವುದು ವಾಸಿ. ಯುಗಾದಿ ಪಾಡ್ಯದ ದಿನ ಬರುವುದರಿಂದ ಚಂದ್ರ ಸಾಮಾನ್ಯವಾಗಿ ಕಾಣುವುದೂ ಮಾರನೆ ಸಂಜೆಗೆ. ದೂರದಿಂದ ಬಂದವರನ್ನು ಅಲ್ಲಿಯವರೆಗೆ ನಿಲ್ಲಿಸಿಕೊಳ್ಳಿ.

ಹೋದ ಸಲ ರಾತ್ರಿ ಎಂಟು ಗಂಟೆಗೆ ಅಮ್ಮ ತಾವೇ ತಟ್ಟೆ ಹಿಡಿದು ಅಡುಗೆಮನೆಗೆ ಬಂದರು. ಬಿಸಿ ಅನ್ನಕ್ಕೆ ಸಾರು ಹಾಕಿಸಿಕೊಂಡು, ಡಬ್ಬಿ ಮುಚ್ಚಳ ತೆಗೆದು ಒಬ್ಬಟ್ಟು ಎಣಿಸಿದರು. ಎರಡೇ ಉಳಿದಿದ್ದವು. ಒಂದನ್ನು ತಟ್ಟೆಗೆ ಹಾಕಿಕೊಂಡು ಹೇಳಿದರು:

"ಬರೋ ವರ್ಷ ಬೇಳೆ ಮುಕ್ಕಾಲು ಕೆಜಿ ಹಾಕೋ."